ತೂಕದ ನಾಯಕಿ, ತೂಕದ ಪ್ರಶ್ನೆ: ಬದಲಾಗಬೇಕಾದದ್ದು ದೇಹವೋ, ನೋಟವೋ?

ಗುರುಮಠಕಲ್: ದಪ್ಪಗಿರುವ ಹುಡುಗಿ, ಮದುವೆಯ ಚಿಂತೆಯಲ್ಲಿರುವ ತಾಯಿ, ನೋಡಲು ಬಂದು ಹೋಗುವ ವರಗಳು, ನೆರೆಹೊರೆಯವರ ಚುಚ್ಚುಮಾತು, ಕೊನೆಗೊಬ್ಬ ಪ್ರೇಮಿ. ಚಿತ್ರರಂಗ ಮತ್ತು ಕಿರುತೆರೆ ಕಳೆದ ಒಂದು ದಶಕದಲ್ಲಿ ಮತ್ತೆ ಮತ್ತೆ ಕೈಗೆತ್ತಿಕೊಂಡ ಕಥಾಹಂದರವಿದು. ನೋಡುವಾಗ ನಗು ಬರುತ್ತದೆ. ಆದರೆ ಆ ನಗೆಯ ಹಿಂದೆ ಒಂದು ಗಂಭೀರ ಪ್ರಶ್ನೆಯಿದೆ: ಕಥೆ ಸುಖಾಂತ್ಯವಾಗಬೇಕಾದರೆ ಬದಲಾಗಬೇಕಾದವರು ಯಾರು, ನಾಯಕಿಯೋ ಅಥವಾ ಅವಳನ್ನು ನೋಡುವವರೋ?

ಯಾದಗಿರಿ ಜಿಲ್ಲೆಯ ಗಡಿ ತಾಲ್ಲೂಕಾದ ಗುರುಮಠಕಲ್‌ನಲ್ಲಿ ನಿಂತು ನೋಡಿದರೆ ಈ ಪ್ರಶ್ನೆಗೆ ಇನ್ನೊಂದು ಮುಖವೂ ಕಾಣುತ್ತದೆ. 1956ರವರೆಗೆ ಹೈದರಾಬಾದ್ ರಾಜ್ಯದ ಪ್ರದೇಶವಾಗಿದ್ದ ಈ ಸೀಮೆ ಇಂದು ತೆಲಂಗಾಣಕ್ಕೆ ಹೊಂದಿಕೊಂಡಿದೆ. ಕನ್ನಡದೊಂದಿಗೆ ತೆಲುಗು, ಉರ್ದು ಮಾತುಗಳೂ ಇಲ್ಲಿ ಬೆರೆತಿವೆ. ಕನ್ನಡದ ಧಾರಾವಾಹಿಯಷ್ಟೇ ಸಲೀಸಾಗಿ ತೆಲುಗಿನ ಚಿತ್ರವೂ ಇಲ್ಲಿನ ಮನೆಗಳನ್ನು ತಲುಪುತ್ತದೆ. ಆದರೆ ತೆರೆಯ ಮೇಲಿನ ನಾಯಕಿ ತೂಕ ಇಳಿಸಲು ಹೆಣಗುತ್ತಿರುವಾಗ ಇದೇ ಜಿಲ್ಲೆಯ ಶಾಲೆಗಳು ಮಕ್ಕಳ ತೂಕ ಹೆಚ್ಚಿಸಲು ಮೊಟ್ಟೆ ಹಂಚುತ್ತಿವೆ.

ದಿನಚರಿಯಿಂದ ಹುಟ್ಟಿದ ಪ್ರಕಾರ

ತೂಕ, ಆತ್ಮವಿಶ್ವಾಸ ಮತ್ತು ಪ್ರೇಮವನ್ನು ಹಾಸ್ಯದಲ್ಲಿ ಹೆಣೆಯುವ ಆಧುನಿಕ ಕಥೆಗಳಿಗೆ ದೊಡ್ಡ ಪ್ರೇರಣೆ ಬ್ರಿಟನ್ನಿನ ಲೇಖಕಿ ಹೆಲೆನ್ ಫೀಲ್ಡಿಂಗ್ ಅವರ 'ಬ್ರಿಜೆಟ್ ಜೋನ್ಸಸ್ ಡೈರಿ'. 1995ರಲ್ಲಿ ಲಂಡನ್ನಿನ 'ದಿ ಇಂಡಿಪೆಂಡೆಂಟ್' ಪತ್ರಿಕೆಯ ಅಂಕಣವಾಗಿ ಆರಂಭವಾದ ಈ ಬರಹ 1996ರಲ್ಲಿ ಕಾದಂಬರಿಯಾಯಿತು, 2001ರಲ್ಲಿ ಚಲನಚಿತ್ರವಾಯಿತು. ಕಥೆಯ ಎಳೆಯನ್ನು ಫೀಲ್ಡಿಂಗ್ ಪಡೆದದ್ದು ಜೇನ್ ಆಸ್ಟಿನ್ ಅವರ 1813ರ ಕಾದಂಬರಿ 'ಪ್ರೈಡ್ ಅಂಡ್ ಪ್ರೆಜುಡಿಸ್'ನಿಂದ.

ಮೂವತ್ತರ ಆಸುಪಾಸಿನ ಅವಿವಾಹಿತೆ ಬ್ರಿಜೆಟ್ ತನ್ನ ದಿನಚರಿಯನ್ನು ಅಂದಿನ ತೂಕ, ಕುಡಿದ ಮದ್ಯ, ಸೇದಿದ ಸಿಗರೇಟುಗಳ ಲೆಕ್ಕದೊಂದಿಗೆ ಆರಂಭಿಸುತ್ತಾಳೆ. ಗಮನಿಸಬೇಕಾದ ಸಂಗತಿಯೆಂದರೆ, ಕಾದಂಬರಿಯ ಆರಂಭದಲ್ಲಿ ಅವಳ ತೂಕ ಸುಮಾರು 58 ಕಿಲೊ ಮಾತ್ರ. ವೈದ್ಯರ ಕಣ್ಣಿನಲ್ಲಿ ಇದು ಸ್ಥೂಲಕಾಯವಲ್ಲ. ಓದುಗರನ್ನು ನಗಿಸುವುದು ಅವಳ ದೇಹವಲ್ಲ, ತಕ್ಕಡಿಯ ಮುಳ್ಳು ಅರ್ಧ ಕಿಲೊ ಆಚೀಚೆ ಸರಿದರೆ ಬದುಕೇ ಏರುಪೇರಾಯಿತೆಂದು ಭಾವಿಸುವ ಅವಳ ಆತಂಕ. ಆ ಆತಂಕದಲ್ಲಿ ಲಕ್ಷಾಂತರ ಮಹಿಳೆಯರು ತಮ್ಮನ್ನೇ ಕಂಡುಕೊಂಡರು. ಪುಸ್ತಕದ ಜನಪ್ರಿಯತೆಯ ಗುಟ್ಟು ಇದೇ.

ಮಂಗಳೂರಿನ ನಟಿ, ತೆಲುಗಿನ ಸಾಹಸ

ದಕ್ಷಿಣ ಭಾರತದಲ್ಲಿ ಈ ವಸ್ತುವನ್ನು ನೇರವಾಗಿ ಎತ್ತಿಕೊಂಡ ಚಿತ್ರ 2015ರ ನವೆಂಬರ್ 27ರಂದು ತೆರೆಕಂಡ 'ಸೈಜ್ ಜೀರೊ'. ಪ್ರಕಾಶ್ ಕೋವೆಲಮೂಡಿ ನಿರ್ದೇಶಿಸಿದ, ಕನಿಕಾ ಧಿಲ್ಲೋನ್ ಬರೆದ ಈ ಚಿತ್ರ ತೆಲುಗು ಮತ್ತು ತಮಿಳಿನಲ್ಲಿ ಏಕಕಾಲಕ್ಕೆ ತಯಾರಾಯಿತು. ತಮಿಳಿನಲ್ಲಿ ಅದರ ಹೆಸರು 'ಇಂಜಿ ಇಡುಪ್ಪಳಗಿ'. ನಾಯಕಿ ಸೌಂದರ್ಯಳ ಪಾತ್ರದಲ್ಲಿದ್ದವರು ಮಂಗಳೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಓದಿ, ಯೋಗ ಶಿಕ್ಷಕಿಯಾಗಿದ್ದು ಬಳಿಕ ಚಿತ್ರರಂಗ ಪ್ರವೇಶಿಸಿದ ಅನುಷ್ಕಾ ಶೆಟ್ಟಿ. ಅವಳಿಗೆ ಎದುರಾಗುವ ತೂಕ ಇಳಿಸುವ ಕೇಂದ್ರದ ಮಾಲೀಕನ ಪಾತ್ರ ಮತ್ತೊಬ್ಬ ಕನ್ನಡಿಗ ಪ್ರಕಾಶ್ ರೈ ಅವರದು.

ಮಗಳ ಮದುವೆಯೊಂದೇ ತಾಯಿಯ ಚಿಂತೆ. ಮಗಳಿಗೋ ತನ್ನ ಮೈ ಬಗ್ಗೆ ಕೇಳಿ ಕೇಳಿ ಬೇಸರ. ದಿಢೀರ್ ತೆಳ್ಳಗಾಗುವ ಆಸೆಯಿಂದ ಅವಳು ಕೇಂದ್ರವೊಂದರ ಮೊರೆ ಹೋಗುತ್ತಾಳೆ. ಅಲ್ಲಿನ ಚಿಕಿತ್ಸೆಯಿಂದ ಗೆಳತಿಯ ಆರೋಗ್ಯ ಕೆಟ್ಟಾಗ ಅವಳ ಕಣ್ಣು ತೆರೆಯುತ್ತದೆ. ಅಲ್ಲಿಂದ ಕಥೆ ಪ್ರೇಮದ ದಾರಿ ಬಿಟ್ಟು, ಮೋಸದ ಚಿಕಿತ್ಸೆಗಳ ವಿರುದ್ಧದ ಆಂದೋಲನದ ದಾರಿ ಹಿಡಿಯುತ್ತದೆ. ಚಿತ್ರದ ಒತ್ತು ತೆಳ್ಳಗಾಗುವುದರ ಮೇಲಲ್ಲ, ಆರೋಗ್ಯವಾಗಿರುವುದರ ಮೇಲೆ.

ಪಾತ್ರಕ್ಕಾಗಿ ಅನುಷ್ಕಾ ಕೃತಕ ಅಂಗರಚನೆಯನ್ನು ನೆಚ್ಚದೆ ನಿಜವಾಗಿಯೇ ತೂಕ ಹೆಚ್ಚಿಸಿಕೊಂಡರು. ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ನಿರೀಕ್ಷಿತ ಯಶಸ್ಸು ಕಾಣಲಿಲ್ಲ. ವಿಪರ್ಯಾಸವೆಂದರೆ, ಇರುವಂತೆಯೇ ಒಪ್ಪಿಕೊಳ್ಳಿ ಎಂದು ಹೇಳುವ ಚಿತ್ರದಲ್ಲಿ ನಟಿಸಿದ ನಂತರ ಅವರ ತೂಕವೇ ವರ್ಷಗಳ ಕಾಲ ಸಿನಿಮಾ ಪುಟಗಳ ಸುದ್ದಿಯಾಯಿತು. ತೆರೆಯ ಮೇಲೆ ಚಪ್ಪಾಳೆ ತಟ್ಟಿದವರೇ ತೆರೆಯ ಹೊರಗೆ ತಕ್ಕಡಿ ಹಿಡಿದು ನಿಂತರು.

ಅದೇ ವರ್ಷದ ಫೆಬ್ರುವರಿಯಲ್ಲಿ ಬಂದ ಹಿಂದಿಯ 'ದಮ್ ಲಗಾ ಕೆ ಹೈಶಾ' ಇನ್ನೊಂದು ದಾರಿ ತೋರಿಸಿತು. ಹರಿದ್ವಾರದ ಕ್ಯಾಸೆಟ್ ಅಂಗಡಿಯ ಯುವಕ ಮನೆಯವರ ಒತ್ತಾಯಕ್ಕೆ ಮಣಿದು, ತನಗಿಂತ ಹೆಚ್ಚು ಓದಿದ, ದಪ್ಪಗಿರುವ ಹುಡುಗಿಯನ್ನು ಮದುವೆಯಾಗುತ್ತಾನೆ. ಭೂಮಿ ಪೆಡ್ನೇಕರ್ ನಿರ್ವಹಿಸಿದ ಸಂಧ್ಯಾ ಪ್ರೀತಿಗಾಗಿ ಒಂದು ಕಿಲೊ ಕೂಡ ಇಳಿಸಿಕೊಳ್ಳುವುದಿಲ್ಲ. ಹೆಂಡತಿಯನ್ನು ಹೊತ್ತು ಓಡುವ ಸ್ಪರ್ಧೆಯಲ್ಲಿ ಆ ಭಾರವನ್ನು ಹೊರಲು ಕಲಿಯುವವನು ಗಂಡ. ಶರತ್ ಕಟಾರಿಯಾ ನಿರ್ದೇಶನದ ಈ ಚಿತ್ರಕ್ಕೆ ಅತ್ಯುತ್ತಮ ಹಿಂದಿ ಚಿತ್ರ ರಾಷ್ಟ್ರಪ್ರಶಸ್ತಿ ದೊರೆಯಿತು.

ಗುಂಡಮ್ಮನ ಪಯಣ

ಕನ್ನಡದ ಮಟ್ಟಿಗೆ ಈ ವಸ್ತುವನ್ನು ಮನೆಮನೆಗೆ ಒಯ್ದದ್ದು ಧಾರಾವಾಹಿ. ಜೀ ಕನ್ನಡ ವಾಹಿನಿಯಲ್ಲಿ 2017ರಲ್ಲಿ ಆರಂಭವಾದ 'ಬ್ರಹ್ಮಗಂಟು' ಧಾರಾವಾಹಿಯಲ್ಲಿ ಗೀತಾ ಭಾರತಿ ಭಟ್ ದಪ್ಪಗಿನ ಸೊಸೆಯ ಪಾತ್ರ ನಿರ್ವಹಿಸಿದರು. ಆಕೆಯ ಮೈಕಟ್ಟನ್ನು ಒಪ್ಪದ ಗಂಡ, ಆಕೆಯ ಗುಣಕ್ಕೆ ಸೋಲುವ ಮನೆ, ನಿಧಾನವಾಗಿ ಅರಳುವ ದಾಂಪತ್ಯ ಇದರ ಜೀವಾಳ. ಪ್ರೇಕ್ಷಕರ ಬಾಯಲ್ಲಿ ನಾಯಕಿ 'ಗುಂಡಮ್ಮ' ಆದಳು. ಈ ಕಥೆ 2018ರಲ್ಲಿ 'ಗುಂಡಮ್ಮ ಕಥ' ಎಂಬ ಹೆಸರಿನಲ್ಲಿ ತೆಲುಗಿಗೂ ಹೋಯಿತು.

ಈ ಹೆಸರಿಗೊಂದು ಇತಿಹಾಸವಿದೆ. 1958ರ ಕನ್ನಡ ಚಿತ್ರ 'ಮನೆ ತುಂಬಿದ ಹೆಣ್ಣು' ಆಧರಿಸಿ 1962ರಲ್ಲಿ ತೆಲುಗಿನಲ್ಲಿ ಪ್ರಸಿದ್ಧ 'ಗುಂಡಮ್ಮ ಕಥ' ಚಿತ್ರ ತಯಾರಾಗಿತ್ತು. ಗುಂಡಮ್ಮ ಎಂಬುದು ಕನ್ನಡ ಸೀಮೆಯಲ್ಲಿ ಹಿರಿಯ ಹೆಂಗಸರು ಹೊತ್ತ ಸಹಜ ಹೆಸರು, ಬೈಗುಳವಲ್ಲ. 'ಮೈಕೈ ತುಂಬಿಕೊಂಡಿದ್ದಾಳೆ' ಎಂಬುದು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಮೆಚ್ಚುಗೆಯ ಮಾತು. ಬಾಣಂತನ ಮುಗಿಸಿ ಹೊರಟ ಮಗಳು ಸೊರಗಿ ಕಂಡರೆ ತವರಿಗೆ ಅವಮಾನವಾಗುತ್ತಿತ್ತು. ಅಂಥ ನೆಲದಲ್ಲಿಯೇ ಎರಡು ಮೂರು ತಲೆಮಾರುಗಳಲ್ಲಿ ಗುಂಡಮ್ಮ ಎಂಬುದು ಹೆಸರಿನಿಂದ ಅಡ್ಡಹೆಸರಾಗಿ, ಅಡ್ಡಹೆಸರಿನಿಂದ ಗೇಲಿಯಾಗಿ ಜಾರಿತು.

ಬೋಳುತಲೆಯ ಕನ್ನಡಿ

ಪುರುಷರೂ ಈ ಸಂಕಟದಿಂದ ಹೊರತಲ್ಲ ಎಂದು ತೋರಿಸಿದ್ದು 2017ರ ಜುಲೈನಲ್ಲಿ ಬಿಡುಗಡೆಯಾದ 'ಒಂದು ಮೊಟ್ಟೆಯ ಕಥೆ'. ರಾಜ್ ಬಿ. ಶೆಟ್ಟಿ ನಿರ್ದೇಶಿಸಿ ನಟಿಸಿದ ಈ ಚಿತ್ರದ ನಾಯಕ ಜನಾರ್ದನ ಮಂಗಳೂರಿನ ಕನ್ನಡ ಉಪನ್ಯಾಸಕ, ವರನಟ ರಾಜ್‌ಕುಮಾರ್ ಅಭಿಮಾನಿ. ಸಮಸ್ಯೆ ತೂಕದ್ದಲ್ಲ, ಬೋಳುತಲೆಯದು. ವಯಸ್ಸು 28 ಆದರೂ ಹೆಣ್ಣು ಸಿಗದ ಅವನ ಪಾಡು ನಗೆ ಉಕ್ಕಿಸುತ್ತದೆ. ಆದರೆ ಚಿತ್ರದ ನಿಜವಾದ ಚುಚ್ಚು ಬೇರೆಡೆಯಿದೆ: ತನ್ನ ತಲೆ ನೋಡಿ ಜನ ತಿರಸ್ಕರಿಸುತ್ತಾರೆಂದು ಕೊರಗುವ ಅವನೇ ಹೆಣ್ಣನ್ನು ರೂಪದಿಂದ ಅಳೆಯಲು ಹೊರಡುತ್ತಾನೆ.

ಈ ಒಳನೋಟವೇ ಚಿತ್ರವನ್ನು ನೆರೆಭಾಷೆಗಳಿಗೆ ಕೊಂಡೊಯ್ದಿತು. 2019ರಲ್ಲಿ ಮಲಯಾಳದಲ್ಲಿ 'ತಮಾಶ', ಹಿಂದಿಯಲ್ಲಿ 'ಉಜ್ಡಾ ಚಮನ್', 2021ರಲ್ಲಿ ತೆಲುಗಿನಲ್ಲಿ 'ನೂಟೊಕ್ಕ ಜಿಲ್ಲಾಲ ಅಂದಗಾಡು' ಇದೇ ಮೂಲದಿಂದ ಬಂದವು. ಮಲಯಾಳ ಮತ್ತು ಹಿಂದಿ ರೂಪಗಳಲ್ಲಿ ಬೋಳುತಲೆಯ ನಾಯಕನ ಎದುರು ನಿಲ್ಲುವವಳು ದಪ್ಪಗಿನ, ಆದರೆ ತನ್ನ ಬಗ್ಗೆ ಅಳುಕಿಲ್ಲದ ಹುಡುಗಿ. ಅವನು ತನ್ನನ್ನು ತಾನು ನೋಡಿಕೊಳ್ಳುವ ಕನ್ನಡಿಯೇ ಅವಳು.

ನಗುವುದು ಯಾರನ್ನು ಕಂಡು?

ದಪ್ಪ ದೇಹ ಕನ್ನಡದ ರಂಗಭೂಮಿ ಮತ್ತು ತೆರೆಗೆ ಹೊಸದಲ್ಲ. ದಶಕಗಳ ಕಾಲ ಅದು ನಾಯಕನ ಗೆಳೆಯನದೋ, ಊಟಕ್ಕೆ ಮುಗಿಬೀಳುವ ಅಳಿಯನದೋ, ಗಂಡನನ್ನು ಅಟ್ಟಾಡಿಸುವ ಹೆಂಡತಿಯದೋ ಆಗಿತ್ತು. ಕುರ್ಚಿ ಮುರಿಯುವುದು, ಬಾಗಿಲಲ್ಲಿ ಸಿಕ್ಕಿಕೊಳ್ಳುವುದು ಸಿದ್ಧ ನಗೆ. ಅಂಥ ಪಾತ್ರಕ್ಕೆ ಪ್ರೇಮವಿರಲಿಲ್ಲ, ಇದ್ದರೆ ಅದೂ ತಮಾಷೆಯೇ.

ಹೊಸ ಕಥೆಗಳು ಆ ಪಾತ್ರವನ್ನು ಪಕ್ಕದಿಂದ ನಡುವಿಗೆ ತಂದವು. ಇದು ಸಣ್ಣ ಬದಲಾವಣೆಯಲ್ಲ. ಪಾತ್ರದ ಮನಸ್ಸಿನೊಳಗೆ ಪ್ರವೇಶ ಸಿಕ್ಕಾಗ ಪ್ರೇಕ್ಷಕ ಅವಳನ್ನು ಕಂಡು ನಗುವುದನ್ನು ಬಿಟ್ಟು ಅವಳೊಂದಿಗೆ ನಗತೊಡಗುತ್ತಾನೆ. ಆದರೂ ಒಂದು ಅಪಾಯ ಉಳಿದೇ ಇದೆ. ಕೊನೆಯ ಹೊತ್ತಿಗೆ ನಾಯಕಿ ತೆಳ್ಳಗಾಗಿ, ಹೊಸ ಸೀರೆಯುಟ್ಟು, ನಿಧಾನಗತಿಯ ದೃಶ್ಯದಲ್ಲಿ ಮೆಟ್ಟಿಲಿಳಿದು ಬಂದು ನಾಯಕನನ್ನು ಬೆರಗುಗೊಳಿಸಿದರೆ, ಅಲ್ಲಿಯವರೆಗೆ ಹೇಳಿದ್ದೆಲ್ಲ ನೀರಿನಲ್ಲಿ ಮಾಡಿದ ಹೋಮ. ಗುಣ ನೋಡಿ ಎಂದ ಕಥೆಯೇ ಕೊನೆಗೆ ರೂಪಕ್ಕೆ ಬಹುಮಾನ ಕೊಟ್ಟಂತಾಗುತ್ತದೆ.

ತಕ್ಕಡಿಯ ಎರಡು ತಟ್ಟೆ

ಕಥೆಯಿಂದ ಅಂಕಿಅಂಶಗಳತ್ತ ಬಂದರೆ ಚಿತ್ರ ಇನ್ನಷ್ಟು ಸಂಕೀರ್ಣವಾಗಿದೆ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ 30ರಷ್ಟು ಮಂದಿ ಅಧಿಕ ತೂಕದವರು ಅಥವಾ ಸ್ಥೂಲಕಾಯರು. 2015-16ರ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಸುಮಾರು ಶೇ 23 ಇತ್ತು. ಐದನೇ ಸಮೀಕ್ಷೆಯಲ್ಲಿಯೇ ಶೇ 17ರಷ್ಟು ಮಹಿಳೆಯರು ಇರಬೇಕಾದ್ದಕ್ಕಿಂತ ಕಡಿಮೆ ತೂಕದವರು. ಯಾದಗಿರಿ ಜಿಲ್ಲೆಯಲ್ಲಂತೂ ಐದು ವರ್ಷದೊಳಗಿನ ಮಕ್ಕಳ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ.

ಈ ಹಿನ್ನೆಲೆಯಲ್ಲಿಯೇ ರಾಜ್ಯ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಯಾದಗಿರಿ ಸೇರಿದಂತೆ ಕಲ್ಯಾಣ ಕರ್ನಾಟಕ ಭಾಗದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ನೀಡಲು ಆರಂಭಿಸಿತು. ನಂತರ ಯೋಜನೆ ರಾಜ್ಯದ ಉಳಿದೆಡೆಗೂ ವಿಸ್ತರಿಸಿತು.

ಹೀಗಾಗಿ 'ತೆಳ್ಳಗಿರುವುದು' ಎಂಬ ಪದಕ್ಕೆ ಬೆಂಗಳೂರಿನ ಜಿಮ್ಮಿನಲ್ಲಿರುವ ಅರ್ಥ ಗಡಿ ತಾಲ್ಲೂಕಿನ ಅಂಗನವಾಡಿಯಲ್ಲಿಲ್ಲ. ಒಂದೆಡೆ ಅದು ಸಾಧನೆ, ಇನ್ನೊಂದೆಡೆ ಹಸಿವಿನ ಗುರುತು. ಕನ್ಯೆ ನೋಡಲು ಬಂದವರು ಹುಡುಗಿ 'ದಪ್ಪ' ಎಂದು ಎದ್ದು ಹೋಗುವುದುಂಟು, 'ಕಡ್ಡಿಯಂತಿದ್ದಾಳೆ, ಹೊಲ ಮನೆ ಕೆಲಸ ಹೇಗೆ ಮಾಡಿಯಾಳು' ಎಂದು ಮೂಗು ಮುರಿಯುವುದೂ ಉಂಟು. ಎರಡರಲ್ಲಿಯೂ ತಕ್ಕಡಿ ಹಿಡಿದವರು ಬೇರೆಯವರೇ.

ಅಡ್ಡದಾರಿಯ ಬೆಲೆ

ಅವಮಾನದಿಂದ ಹುಟ್ಟಿದ ತೂಕದ ಚಿಂತೆ ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ನಿದರ್ಶನಗಳು ತೆರೆಯ ಹೊರಗಿವೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ಕನ್ನಡ ಕಿರುತೆರೆಯ ಯುವನಟಿಯೊಬ್ಬರು ಮೃತಪಟ್ಟರು. ಅವರ ವಯಸ್ಸು ಕೇವಲ 21. ಈ ಶಸ್ತ್ರಚಿಕಿತ್ಸೆ ದೇಹದ ನಿರ್ದಿಷ್ಟ ಭಾಗದ ಆಕಾರ ತಿದ್ದುವ ವಿಧಾನವೇ ಹೊರತು ಸ್ಥೂಲಕಾಯಕ್ಕೆ ಚಿಕಿತ್ಸೆಯಲ್ಲ. 2025ರಿಂದ ತೂಕ ಇಳಿಸುವ ಹೊಸ ಚುಚ್ಚುಮದ್ದುಗಳೂ ಭಾರತದ ಮಾರುಕಟ್ಟೆಗೆ ಬಂದಿವೆ. ವೈದ್ಯರ ಚೀಟಿಯಿಲ್ಲದೆ ಬಳಸುವಂಥವು ಇವಲ್ಲ.

ಅಧಿಕ ತೂಕ ಆರೋಗ್ಯದ ಪ್ರಶ್ನೆಯಲ್ಲ ಎಂದು ಇದರ ಅರ್ಥವಲ್ಲ. ಮಧುಮೇಹ, ರಕ್ತದೊತ್ತಡ, ಮಂಡಿನೋವುಗಳಿಗೂ ತೂಕಕ್ಕೂ ನಂಟಿದೆ. ಭಾರತೀಯರಲ್ಲಿ ಕಡಿಮೆ ತೂಕದಲ್ಲಿಯೇ ಈ ತೊಂದರೆಗಳು ಕಾಣಿಸಿಕೊಳ್ಳುವುದರಿಂದ ದೇಹ ತೂಕ ಸೂಚ್ಯಂಕ 23 ದಾಟಿದೊಡನೆ ಎಚ್ಚರ ವಹಿಸಲು ನಮ್ಮ ತಜ್ಞರು ಸೂಚಿಸುತ್ತಾರೆ. ಆದರೆ ವೈದ್ಯರು ಹೇಳುವುದು ವಾರಕ್ಕೆ ಅರ್ಧದಿಂದ ಒಂದು ಕಿಲೊ ಇಳಿಸುವ ನಿಧಾನದ ದಾರಿಯನ್ನು. ಮದುವೆಯ ಮುಹೂರ್ತಕ್ಕೆ ಮುನ್ನ ಹತ್ತು ಕಿಲೊ ಇಳಿಸುವ ಭರವಸೆಯನ್ನು ಜಾಹೀರಾತು ನೀಡಬಹುದು, ವೈದ್ಯಶಾಸ್ತ್ರ ನೀಡುವುದಿಲ್ಲ. ಅವಮಾನಿತರಾದವರು ಜನರ ಕಣ್ಣಿಗೆ ಬೀಳಲು ಅಂಜಿ ನಡಿಗೆ, ವ್ಯಾಯಾಮಗಳನ್ನೇ ಬಿಡುವುದುಂಟು. ಗೇಲಿ ತೂಕ ಇಳಿಸುವುದಿಲ್ಲ, ಹಲವೊಮ್ಮೆ ಏರಿಸುತ್ತದೆ.

ಆದ್ದರಿಂದ ಇಂಥ ಕಥೆಗಳನ್ನು ನೋಡುವಾಗ, ಓದುವಾಗ ಮೂರು ಪ್ರಶ್ನೆಗಳನ್ನು ಜೊತೆಗಿಟ್ಟುಕೊಳ್ಳುವುದು ಒಳಿತು. ನಗೆಯ ಗುರಿ ನಾಯಕಿಯ ದೇಹವೋ ಅಥವಾ ಅವಳನ್ನು ಅಳೆಯುವವರ ಸಣ್ಣತನವೋ? ಅವಳ ಬದಲಾವಣೆ ತನಗಾಗಿಯೋ ಅಥವಾ ನೋಡಲು ಬರುವವರಿಗಾಗಿಯೋ? ತೂಕ ಇಳಿಯದಿದ್ದರೂ ಅವಳಿಗೆ ಆ ಪ್ರೀತಿ ದಕ್ಕುತ್ತಿತ್ತೇ?

ಮೂರನೆಯದಕ್ಕೆ ಹೌದು ಎನ್ನಬಲ್ಲ ಕಥೆಗಳು ಕನ್ನಡದಲ್ಲಿ ಇನ್ನೂ ಕಡಿಮೆ. ಗುಂಡಮ್ಮ ಎಂಬ ಹೆಸರನ್ನು ಗಡಿಯಾಚೆಗೆ ಕಳಿಸಿಕೊಟ್ಟ ಭಾಷೆಗೆ ಅದಕ್ಕೆ ಹಳೆಯ ಗೌರವವನ್ನು ಮರಳಿ ಕೊಡುವ ಕೆಲಸ ಬಾಕಿಯಿದೆ.