ಎರಡು ತಂತಿ, ಒಂದು ವಿಮಾನ: ಕಂಟ್ರೋಲ್ ಲೈನ್ ಸ್ಪರ್ಧೆ ಅಂದ್ರೆ ಏನು? ಮೈದಾನದಲ್ಲಿ ಏನೇನು ನಡೆಯುತ್ತೆ?

ತೇರದಾಳ: ಡ್ರೋನ್ ಈಗ ನಮ್ಮ ಭಾಗಕ್ಕೆ ಹೊಸದಲ್ಲ. ಮದುವೆ ವಿಡಿಯೋಕ್ಕೂ ಬಂದಿದೆ, ಹೊಲಕ್ಕೆ ಔಷಧ ಹೊಡೆಯೋಕೂ ಬಂದಿದೆ. ಆದರೆ ರಿಮೋಟ್ ಇಲ್ಲದೆ, ಕೈಯಲ್ಲಿ ಎರಡು ತಂತಿ ಹಿಡಿದು ಹಾರಿಸುವ ವಿಮಾನ ನೋಡಿದ ಮಂದಿ ಕಡಿಮೆ. ಇದಕ್ಕೆ ಕಂಟ್ರೋಲ್ ಲೈನ್ ಎಂದು ಹೆಸರು. ಎನ್‌ಸಿಸಿ ವಾಯುಪಡೆ ವಿಭಾಗದ ಕೆಡೆಟ್‌ಗಳು ಇದನ್ನು ಕಲಿಯುತ್ತಾರೆ, ಸ್ಪರ್ಧೆಗೂ ಇಳಿಯುತ್ತಾರೆ. ವಿಮಾನದ ಕಡೆ ಒಲವಿರುವ ಹುಡುಗ-ಹುಡುಗಿಯರು ಮನೆಯಲ್ಲಿದ್ದರೆ ಇದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಮೇಟಿ ಮತ್ತು ಎತ್ತು

ಕಣದಾಗ ಹಂತಿ ಹೊಡೆಯೋದು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ನಡುವೆ ಮೇಟಿ, ಸುತ್ತ ಎತ್ತು. ಇಲ್ಲಿ ಮೇಟಿಯ ಜಾಗದಲ್ಲಿ ಪೈಲಟ್ ನಿಂತಿರುತ್ತಾನೆ, ಎತ್ತಿನ ಜಾಗದಲ್ಲಿ ವಿಮಾನ ಸುತ್ತುತ್ತದೆ. ಪೈಲಟ್ ಕೈಯಲ್ಲಿ ಒಂದು ಹಿಡಿಕೆ. ಅದರಿಂದ ಸುಮಾರು 15ರಿಂದ 21 ಮೀಟರ್ ಉದ್ದದ ಎರಡು ಸಣ್ಣ ಉಕ್ಕಿನ ತಂತಿಗಳು ವಿಮಾನದ ಎಡ ರೆಕ್ಕೆಯ ತುದಿಯಿಂದ ಒಳಗೆ ಹೋಗುತ್ತವೆ. ಒಳಗೆ ಬೆಲ್‌ಕ್ರ್ಯಾಂಕ್ ಎಂಬ ತ್ರಿಕೋನದ ತುಂಡು ಇದೆ. ಅದು ತಿರುಗಿದರೆ ಒಂದು ಕಡ್ಡಿ ಬಾಲದ ಎಲಿವೇಟರ್ ಪಟ್ಟಿಯನ್ನು ಮೇಲೆ-ಕೆಳಗೆ ಮಾಡುತ್ತದೆ.

ಮೇಲಿನ ತಂತಿ ಜಗ್ಗಿದರೆ ಮೂಗು ಮೇಲಕ್ಕೆ, ಕೆಳಗಿನದು ಜಗ್ಗಿದರೆ ಕೆಳಕ್ಕೆ. ಎಡ-ಬಲದ ಮಾತೇ ಇಲ್ಲ. ಬ್ಯಾಟರಿಯಿಲ್ಲ, ಸಿಗ್ನಲ್ ಇಲ್ಲ, ನಡುವೆ ಸಂಪರ್ಕ ಕಡಿಯುವ ತಾಪತ್ರಯವಿಲ್ಲ. 1940ರ ದಶಕದಲ್ಲಿ ಅಮೆರಿಕದ ಜಿಮ್ ವಾಕರ್ ಎಂಬವರು 'ಯು-ಕಂಟ್ರೋಲ್' ಹೆಸರಿನಲ್ಲಿ ಈ ಪದ್ಧತಿಯನ್ನು ಮಾರುಕಟ್ಟೆಗೆ ತಂದು ಜನಪ್ರಿಯ ಮಾಡಿದರು. ಆಗ ರೇಡಿಯೋ ಉಪಕರಣ ದುಬಾರಿ, ತೂಕವೂ ಹೆಚ್ಚು.

ತಂತಿ ಸಡಿಲಾದರೆ ಕೆಲಸ ಕೆಟ್ಟಂತೆ

ಇಡೀ ಆಟ ನಿಂತಿರುವುದು ತಂತಿಯ ಬಿಗಿಯ ಮೇಲೆ. ಕವಣಿ ಬೀಸುವಾಗ ಕಲ್ಲು ಹೊರಗೆ ಜಗ್ಗುತ್ತದಲ್ಲ, ಅದೇ ರೀತಿ ವಿಮಾನ ಹೊರಗೆ ಜಗ್ಗುತ್ತದೆ. ಲೆಕ್ಕ ನೋಡಿ: 1 ಕಿಲೋ ತೂಕದ ವಿಮಾನ 20 ಮೀಟರ್ ತಂತಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಸುತ್ತಿದರೆ, ಕೈಗೆ ಸುಮಾರು ಎರಡೂವರೆ ಕಿಲೋ ಭಾರ ಹೊತ್ತಷ್ಟು ಸೆಳೆತ. ಒಂದು ಸುತ್ತಿಗೆ ಆರು ಸೆಕೆಂಡೂ ಬೇಡ.

ಈ ಸೆಳೆತ ಇರುವವರೆಗೆ ಪೈಲಟ್ ಹೇಳಿದ ಮಾತು ವಿಮಾನ ಕೇಳುತ್ತದೆ. ಗಾಳಿ ಒಳಗೆ ದಬ್ಬಿದರೆ, ಇಲ್ಲವೇ ವೇಗ ಇಳಿದರೆ ತಂತಿ ಸಡಿಲಾಗುತ್ತದೆ. ಆಗ ಹಿಡಿಕೆ ಎಷ್ಟು ತಿರುವಿದರೂ ಉಪಯೋಗವಿಲ್ಲ. ತಿಂಗಳುಗಟ್ಟಲೆ ಬಾಲ್ಸಾ ಕಟ್ಟಿಗೆ ಕೊಯ್ದು, ಅಂಟಿಸಿ, ಬಣ್ಣ ಹಚ್ಚಿದ ವಿಮಾನ ಒಂದೇ ಕ್ಷಣದಲ್ಲಿ ನೆಲಕ್ಕೆ ಬಡಿದು ಚೂರಾಗುತ್ತದೆ. ಅದಕ್ಕೇ ಹೊರಗಿನ ರೆಕ್ಕೆಯ ತುದಿಗೆ ಸ್ವಲ್ಪ ಸೀಸ ಇಡುತ್ತಾರೆ, ಬಾಲದ ರಡ್ಡರ್ ಪಟ್ಟಿಯನ್ನು ತುಸು ಹೊರಕ್ಕೆ ತಿರುಗಿಸಿರುತ್ತಾರೆ. ಆದರೂ ಸಡಿಲಾದರೆ ಪೈಲಟ್ ಕೂಡಲೇ ಹಿಂದಕ್ಕೆ ಹೆಜ್ಜೆ ಹಾಕಿ ತಂತಿ ಬಿಗಿ ಮಾಡಿಕೊಳ್ಳಬೇಕು.

ಸ್ಪರ್ಧೆಯ ದಿನ

ಹಾರಿಸಲು ಗಾಳಿ ಕಡಿಮೆ ಇರುವ ಬೆಳಗಿನ ಹೊತ್ತೇ ಅನುಕೂಲ. ಮೊದಲು ನಡೆಯುವುದು ತಪಾಸಣೆ. ತಂತಿಯ ಉದ್ದ ಅಳೆಯುತ್ತಾರೆ, ಗಂಟು-ಮಡಿಕೆ ಇದೆಯೇ ಎಂದು ನೋಡುತ್ತಾರೆ. ಆಮೇಲೆ ಜಗ್ಗು ಪರೀಕ್ಷೆ: ಅಂತರರಾಷ್ಟ್ರೀಯ ನಿಯಮದಂತೆ ಕಸರತ್ತಿನ ವಿಭಾಗದಲ್ಲಿ ವಿಮಾನದ ತೂಕದ 10 ಪಟ್ಟು ಬಲ ಹಾಕಿ ಜಗ್ಗುತ್ತಾರೆ. ಇಲ್ಲಿ ಕಿತ್ತು ಬಂದರೆ ಹಾರಿಸಲು ಬಿಡುವುದಿಲ್ಲ. ಪೈಲಟ್‌ನ ಮಣಿಕಟ್ಟಿಗೂ ಹಿಡಿಕೆಗೂ ಒಂದು ಪಟ್ಟಿ ಕಟ್ಟಿರಬೇಕು. ಕೈ ಜಾರಿದರೂ ವಿಮಾನ ತಪ್ಪಿಸಿಕೊಂಡು ಜನರ ಮೇಲೆ ಹೋಗಬಾರದು ಎಂಬ ಕಾರಣಕ್ಕೆ.

ಸಣ್ಣ ಇಂಜಿನ್‌ಗೆ ಪೆಟ್ರೋಲ್ ಬಳಸುವುದಿಲ್ಲ. ಮೆಥನಾಲ್ ಜೊತೆ ನಮ್ಮ ಔಡಲೆಣ್ಣೆ ಬೆರೆಸುತ್ತಾರೆ. ವೇಗದ ಸ್ಪರ್ಧೆಗೆ 80 ಭಾಗ ಮೆಥನಾಲ್, 20 ಭಾಗ ಔಡಲೆಣ್ಣೆ ಎಂದು ನಿಯಮವೇ ಇದೆ. ಅಷ್ಟು ಬಿಸಿಯಲ್ಲೂ ಔಡಲೆಣ್ಣೆಯ ಜಿಡ್ಡು ಉಳಿದು ಇಂಜಿನ್ ಕಾಯುತ್ತದೆ. ಮೆಥನಾಲ್ ಮಾತ್ರ ವಿಷ. ಹೊತ್ತಿಕೊಂಡರೆ ಬಿಸಿಲಿನಲ್ಲಿ ಉರಿಯೂ ಸರಿಯಾಗಿ ಕಾಣುವುದಿಲ್ಲ. ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಈಚೆಗೆ ಬ್ಯಾಟರಿ ಮೋಟಾರ್ ಹಾಕಿ ಹಾರಿಸುವವರೂ ಇದ್ದಾರೆ.

ಅಂತರರಾಷ್ಟ್ರೀಯ ಮಟ್ಟದಲ್ಲಿ ಮುಖ್ಯವಾಗಿ ನಾಲ್ಕು ವಿಭಾಗಗಳಿವೆ.

ವೇಗ: 17.69 ಮೀಟರ್ ತಂತಿ, 9 ಸುತ್ತು. ಲೆಕ್ಕ ಹಾಕಿದರೆ ಸರಿಯಾಗಿ 1 ಕಿ.ಮೀ. ಮುಂಚೂಣಿಯ ವಿಮಾನಗಳು ಗಂಟೆಗೆ 300 ಕಿ.ಮೀ. ಆಸುಪಾಸು ಹೋಗುತ್ತವೆ.

ಕಸರತ್ತು: ವೃತ್ತ, ಚೌಕ, ತ್ರಿಕೋನ, ಎಂಟರ ಆಕಾರ, ತಲೆಕೆಳಗಾಗಿ ಹಾರಾಟ. ಎಲ್ಲವನ್ನೂ 7 ನಿಮಿಷದಲ್ಲಿ ಮುಗಿಸಬೇಕು. ಹೆಚ್ಚಿನ ಆಕಾರಗಳಲ್ಲಿ ನೆಲದಿಂದ ಒಂದೂವರೆ ಮೀಟರ್ ಎತ್ತರಕ್ಕೆ ಇಳಿದು ಮೇಲೇಳಬೇಕು. ತಲೆಕೆಳಗಾದಾಗ ಹಿಡಿಕೆಯ ಲೆಕ್ಕವೂ ಉಲ್ಟಾ. ಹೆಚ್ಚು ವಿಮಾನ ಒಡೆಯುವುದು ಇಲ್ಲೇ.

ತಂಡದ ಓಟ: ಮೂರು ಪೈಲಟ್‌ಗಳು ಒಂದೇ ವೃತ್ತದ ನಡುವೆ ನಿಂತು 100 ಸುತ್ತು ಓಡಿಸುತ್ತಾರೆ. ನಡುವೆ ಇಳಿಸಿ ಇಂಧನ ತುಂಬಲು ಪ್ರತಿ ತಂಡಕ್ಕೂ ಒಬ್ಬ ಮೆಕ್ಯಾನಿಕ್.

ಕಾಳಗ: ಎರಡು ವಿಮಾನಗಳಿಗೆ ಕಾಗದದ ಉದ್ದ ಬಾಲ. ಎದುರಾಳಿಯ ಬಾಲ ಕತ್ತರಿಸಿದಷ್ಟೂ ಅಂಕ. ಗಾಳಿಪಟದ ಪೇಚ್ ಇದ್ದಂತೆಯೇ, ಆದರೆ ನಾಲ್ಕೇ ನಿಮಿಷ.

ಹೊಸಬರಿಗೆ ಮೊದಲು ಕಾಡುವುದು ತಲೆಸುತ್ತು. ಸುತ್ತಲಿನ ಗಿಡ, ಮನೆ ನೋಡದೆ ವಿಮಾನದ ಮೇಲೇ ಕಣ್ಣು ನೆಟ್ಟರೆ ಕ್ರಮೇಣ ಕಡಿಮೆಯಾಗುತ್ತದೆ.

ಕರೆಂಟ್ ತಂತಿ ದೂರವಿರಲಿ

ಕೈಯಲ್ಲಿರುವುದು ಉಕ್ಕಿನ ತಂತಿ ಎಂಬುದನ್ನು ಮರೆಯುವಂತಿಲ್ಲ. ವಿದ್ಯುತ್ ತಂತಿಗೆ ತಾಗಿದರೆ ಕರೆಂಟ್ ನೇರ ಪೈಲಟ್ ಕೈಗೆ ಬರುತ್ತದೆ. ಆದ್ದರಿಂದ ವಿದ್ಯುತ್ ಲೈನ್ ಹಾದುಹೋಗಿರುವ ಮೈದಾನದಲ್ಲಿ, ಕಂಬದ ಹತ್ತಿರದ ಹೊಲದಲ್ಲಿ ಇದನ್ನು ಹಾರಿಸಲೇಬಾರದು. ಗುಡುಗು-ಮಿಂಚು ಇದ್ದಾಗಲೂ ಬೇಡ. 20 ಮೀಟರ್ ತಂತಿಗೆ ವೃತ್ತವೇ 40 ಮೀಟರ್ ಅಗಲ ಬೇಕು, ಅದರಾಚೆ ಖಾಲಿ ಜಾಗ ಬೇರೆ. ನೋಡುವವರು ಗೆರೆಯ ಹೊರಗೇ ನಿಲ್ಲಬೇಕು. ಇಳಿದ ವಿಮಾನ ಹಿಡಿಯಲು ಮಕ್ಕಳು ಓಡದಂತೆ ನೋಡಿಕೊಳ್ಳಬೇಕು.

ಕಲಿಯುವುದು ಎಲ್ಲಿ?

ಎನ್‌ಸಿಸಿ ಶುರುವಾಗಿದ್ದು 1948ರಲ್ಲಿ, ಅದರ ವಾಯುಪಡೆ ವಿಭಾಗ 1950ರಲ್ಲಿ. ಈ ವಿಭಾಗದ ಕೆಡೆಟ್‌ಗಳಿಗೆ ಮಾದರಿ ವಿಮಾನ ತಯಾರಿ ತರಬೇತಿಯ ಭಾಗವೇ ಆಗಿದೆ. ಅಖಿಲ ಭಾರತ ವಾಯು ಸೈನಿಕ ಶಿಬಿರದಲ್ಲಿ ಬೇರೆ ಬೇರೆ ರಾಜ್ಯಗಳ ತಂಡಗಳು ಇದರಲ್ಲಿ ಪೈಪೋಟಿ ನಡೆಸುತ್ತವೆ. ಬೆಂಗಳೂರಿನ ಜಕ್ಕೂರು, ರಾಜಸ್ಥಾನದ ಜೋಧಪುರದಲ್ಲಿ ಈ ಶಿಬಿರ ನಡೆದಿದೆ. ನಮ್ಮ ರಾಜ್ಯದ ಕೆಡೆಟ್‌ಗಳು ಕರ್ನಾಟಕ-ಗೋವಾ ನಿರ್ದೇಶನಾಲಯದ ಹೆಸರಿನಲ್ಲಿ ಇಳಿಯುತ್ತಾರೆ.

ಲಾಭ ಪದಕಕ್ಕೇ ಮುಗಿಯುವುದಿಲ್ಲ. ವಾಯುಪಡೆ ವಿಭಾಗದ 'ಸಿ' ಸರ್ಟಿಫಿಕೇಟ್ ಪಡೆದ ಪದವೀಧರರು, ಉಳಿದ ಅರ್ಹತೆಗಳಿದ್ದರೆ, ಎನ್‌ಸಿಸಿ ವಿಶೇಷ ಪ್ರವೇಶದ ಅಡಿ ವಾಯುಪಡೆಯ ಹಾರಾಟ ವಿಭಾಗಕ್ಕೆ ಲಿಖಿತ ಪರೀಕ್ಷೆಯಿಲ್ಲದೆ ನೇರ ಆಯ್ಕೆ ಮಂಡಳಿಯ ಮುಂದೆ ಹೋಗಬಹುದು. ಆದರೆ ಎಲ್ಲ ಕಾಲೇಜಿನ ಎನ್‌ಸಿಸಿಯೂ ವಾಯುಪಡೆ ವಿಭಾಗದ್ದಲ್ಲ. ಭೂಸೇನೆಯದೂ ಇರುತ್ತದೆ, ನೌಕಾಪಡೆಯದೂ ಇರುತ್ತದೆ. ಮಗ, ಮಗಳನ್ನು ಕಾಲೇಜಿಗೆ ಹಚ್ಚುವ ಮುಂಚೆ "ಇಲ್ಲಿ ಎನ್‌ಸಿಸಿ ಐತೇನು?" ಎಂದು ಕೇಳಿದರೆ ಸಾಲದು. "ಯಾವ ವಿಂಗ್ ಐತಿ?" ಅಂತ ಕೇಳಬೇಕು.