ಮಾಡಿನ ತಗಡುಗಳೂ ಅವುಗಳ ಸುರುಳಿಯ ಅಗಲವೂ

ಹೊಸ ಉಗ್ರಾಣವನ್ನಾಗಲಿ ದನದ ಕೊಟ್ಟಿಗೆಯನ್ನಾಗಲಿ ಕಟ್ಟಿಸುವ ಜಮೀನುದಾರರು ತಗಡಿನ ದಪ್ಪವನ್ನು ವಿಚಾರಿಸುತ್ತಾರೆ, ಬಣ್ಣವನ್ನು ನೋಡುತ್ತಾರೆ, ಬೆಲೆಯನ್ನು ಚೌಕಾಶಿ ಮಾಡುತ್ತಾರೆ. ಆದರೆ ಆ ತಗಡು ಎಷ್ಟು ಅಗಲದ ಸುರುಳಿಯಿಂದ ತಯಾರಾಯಿತೆಂಬುದನ್ನು ಕೇಳುವವರು ಅಪರೂಪ. ಮಳೆಗಾಲದಲ್ಲಿ ಎರಡು ತಗಡುಗಳು ಸೇರುವ ಕಡೆಯಲ್ಲಿ ಸೋರಿಕೆಯಾಗಿ ಮೂಟೆಗಳು ನೆನೆಯುವುದಕ್ಕೂ, ಲೆಕ್ಕಹಾಕಿ ತಂದ ತಗಡುಗಳು ಸಾಲದೆ ಮಾಡಿನ ಕೊನೆಯು ಬಯಲಾಗಿ ಉಳಿಯುವುದಕ್ಕೂ ಬಹುಮಟ್ಟಿಗೆ ಈ ಅಲಕ್ಷ್ಯವೇ ಕಾರಣವು. ನೆನೆದ ಜೋಳ, ಕಡಲೆಕಾಯಿಗಳಿಗೆ ಹಿಡಿಯುವ ಬೂಷ್ಟಿನಲ್ಲಿ ವಿಷಾಂಶವೂ ಉಂಟಾಗಬಹುದಾದುದರಿಂದ, ಇದು ಕೇವಲ ಕಟ್ಟಡದ ಅಂದಚಂದಗಳ ಮಾತಲ್ಲ.

ಅಲೆಯಲೆಯಾದ ಕಬ್ಬಿಣದ ತಗಡು ಹೊಸದೇನಲ್ಲ. 1829ರಲ್ಲಿ ಲಂಡನ್ ಬಂದರಿನ ಕಂಪೆನಿಯಲ್ಲಿ ಎಂಜಿನಿಯರಾಗಿದ್ದ ಹೆನ್ರಿ ರಾಬಿನ್‌ಸನ್ ಪಾಮರ್ ಎಂಬಾತನು ಇದಕ್ಕೆ ಹಕ್ಕುಪತ್ರವನ್ನು ಪಡೆದನು. 1837ರಲ್ಲಿ ಫ್ರಾನ್ಸಿನ ಸೊರೆಲ್ ಎಂಬಾತನು ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿ ತುಕ್ಕಿನಿಂದ ಕಾಪಾಡುವ ಕ್ರಮಕ್ಕೆ ಹಕ್ಕುಪತ್ರ ಪಡೆದ ತರುವಾಯ ಇದರ ಬಳಕೆ ಹೆಚ್ಚಿತು. ಈಗಲಾದರೋ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಂತಹ ದೊಡ್ಡ ಕಾರ್ಖಾನೆಗಳಲ್ಲಿ ಉಕ್ಕಿನ ಸಪಾಟು ತಗಡು ಸುರುಳಿಯಾಗಿ ಸಿದ್ಧವಾಗುತ್ತದೆ. ಊರೂರುಗಳಲ್ಲಿರುವ ಸಣ್ಣ ಕಾರ್ಖಾನೆಯವರು ಸುರುಳಿಯನ್ನು ಕೊಂಡು ತಂದು, ಉರುಳೆಗಳ ಸಾಲಿನ ನಡುವೆ ಅದನ್ನು ಹಾಯಿಸಿ, ಉಬ್ಬುಗಳನ್ನು ಮೂಡಿಸಿ, ಬೇಕಾದ ಉದ್ದಕ್ಕೆ ಕತ್ತರಿಸಿ ಮಾರುತ್ತಾರೆ.

ಇಲ್ಲಿ ಮುಖ್ಯವಾಗಿ ತಿಳಿಯತಕ್ಕುದೇನೆಂದರೆ, ಉರುಳೆಗಳ ನಡುವೆ ತಗಡು ಬಾಗುವುದೇ ಹೊರತು ಹಿಗ್ಗುವುದಿಲ್ಲ. ಉಬ್ಬು ಎಷ್ಟು ಎತ್ತರವಾದರೆ ಅಷ್ಟರಮಟ್ಟಿಗೆ ಅಗಲವು ಕುಗ್ಗುತ್ತದೆ. ನೆರಿಗೆ ಹಿಡಿದ ಪಂಚೆಯು ಗಿಡ್ಡವಾಗುವಂತೆಯೇ ಇದು. ಆದಕಾರಣ ಪ್ರತಿಯೊಂದು ತಗಡಿಗೂ ಮೂರು ಅಗಲಗಳುಂಟು. ಬಾಗಿಸುವುದಕ್ಕೆ ಮುಂಚಿನ ಸುರುಳಿಯ ಅಗಲವು ಒಂದು. ಸಿದ್ಧವಾದ ತಗಡನ್ನು ಅಂಚಿನಿಂದ ಅಂಚಿಗೆ ಅಳೆದರೆ ಬರುವ ಒಟ್ಟು ಅಗಲವು ಎರಡನೆಯದು. ಪಕ್ಕದ ತಗಡಿನೊಡನೆ ಒಂದರ ಮೇಲೊಂದು ಹೊದೆದ ಭಾಗವನ್ನು ಕಳೆದು ಮಾಡಿನ ಮೇಲೆ ನಿಜವಾಗಿ ದಕ್ಕುವ ಹೊದಿಕೆಯ ಅಗಲವು ಮೂರನೆಯದು. ಅಂಗಡಿಯಲ್ಲಿ ಹೇಳುವುದು ಅನೇಕವೇಳೆ ಎರಡನೆಯದನ್ನು. ಮಳೆಯನ್ನು ತಡೆಯುವುದು ಮೂರನೆಯದು.

ಹಳೆಯ ಅಲೆತಗಡಿನಲ್ಲಿ ಈ ಲೆಕ್ಕವು ಸ್ಥಿರವಾಗಿದೆ. 75 ಮಿ. ಮೀ.ಗೆ ಒಂದರಂತೆ ಅಲೆಗಳಿರುವ ಈ ಜಾತಿಯಲ್ಲಿ 900 ಮಿ. ಮೀ. ಅಗಲದ ಸಪಾಟು ತಗಡು ಬಾಗಿದ ಮೇಲೆ ಸುಮಾರು 800 ಆಗುತ್ತದೆ. 750 ಇದ್ದದ್ದು ಸುಮಾರು 660 ಆಗುತ್ತದೆ. ಪಕ್ಕದಲ್ಲಿ ಎರಡು ಅಲೆಗಳಷ್ಟು ಹೊದಿಸಿದರೆ 900ರ ತಗಡಿನಿಂದ ದಕ್ಕುವುದು 650 ಮಾತ್ರ. ಕೆಲಸದವರು ತಗಡು ಉಳಿಸುವ ಆಸೆಯಿಂದ ಒಂದೇ ಅಲೆಯನ್ನು ಹೊದಿಸುವುದುಂಟು. ಮಲೆನಾಡಿನ ಗಾಳಿಮಳೆಯಲ್ಲಿ ಈ ಉಳಿತಾಯವು ಒಂದು ವರ್ಷವೂ ಬಾಳದು.

ಈಗ ಹೆಚ್ಚಾಗಿ ಬಳಕೆಗೆ ಬಂದಿರುವ, ಚಪ್ಪಟೆ ನೆತ್ತಿಯ ಉಬ್ಬುಗಳುಳ್ಳ ತಗಡಿನಲ್ಲಿ ವಿಷಯವು ಇಷ್ಟು ಸರಳವಲ್ಲ. ಉಬ್ಬಿನ ಆಕಾರವು ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆ. ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. 200 ಮಿ. ಮೀ.ಗೆ ಒಂದರಂತೆ ಆರು ಉಬ್ಬುಗಳು. ಪ್ರತಿಯೊಂದರ ಬುಡ 70, ನೆತ್ತಿ 30, ಎತ್ತರ 25 ಮಿ. ಮೀ. ಹೀಗಿದ್ದರೆ ಹೊದಿಕೆಯ ಅಗಲ 1000, ಒಟ್ಟು ಅಗಲ 1070 ಆಗುತ್ತದೆ. ಉಬ್ಬಿನ ಒಂದೊಂದು ಓರೆಗಾಲು 32 ಮಿ. ಮೀ. ಉದ್ದವಿದ್ದು ನೆಲದಲ್ಲಿ 20ನ್ನು ಮಾತ್ರ ಆಕ್ರಮಿಸುವುದರಿಂದ ಪ್ರತಿ ಉಬ್ಬಿಗೂ 24 ಮಿ. ಮೀ. ಹೆಚ್ಚು ತಗಡು ಬೇಕು. ಆರು ಉಬ್ಬುಗಳಿಗೆ 144, ಒಟ್ಟು 1214. ಪೇಟೆಯಲ್ಲಿ ಸಾಮಾನ್ಯವಾಗಿ ದೊರೆಯುವ 1220ರ ಸುರುಳಿಯಲ್ಲಿ ಇದು ಹೇಳಿಮಾಡಿಸಿದಂತೆ ಕೂರುತ್ತದೆ.

ಅದೇ ಉಬ್ಬನ್ನು ಬರಿಯ 3 ಮಿ. ಮೀ. ಎತ್ತರಿಸಿ 28 ಮಾಡಿದರೆ ಓರೆಗಾಲು 34ನ್ನು ಮೀರಿ, ಬೇಕಾಗುವ ಸುರುಳಿಯ ಅಗಲವು ಸುಮಾರು 1243 ಆಗುತ್ತದೆ. ಮೂಲೆಗಳು ತುಸು ಗುಂಡಾಗಿರುವುದರಿಂದ ಕೆಲವು ಮಿಲಿಮೀಟರು ಕಡಮೆಯಾದೀತು. ಆದರೂ 1220 ಸಾಲದು. ಇದಕ್ಕೆ ತಕ್ಕದ್ದು 1250ರ ಸುರುಳಿ. ಅದನ್ನು ಬಿಟ್ಟು ಕೈಯಲ್ಲಿರುವ 1220ನ್ನೇ ಹಾಯಿಸಿದರೆ ಸಾಲದೆ ಬಂದ 23 ಮಿ. ಮೀ. ಎಲ್ಲಿ ಹೋಗುವುದು? ಅಂಚಿನ ಉಬ್ಬಿನ ಹೊರಗಾಲಿನಲ್ಲಿ ಹೋಗುತ್ತದೆ. ಆ ಕಾಲಿನ ಮೂರನೆಯ ಒಂದು ಪಾಲು ಮಾತ್ರ ಉಳಿಯುತ್ತದೆ. ಈ ಮೊಟಕು ಕಾಲು ಮೇಲಣ ತಗಡಿನದಾದರೆ ಗಾಳಿಯೊಡನೆ ಬರುವ ಮಳೆಗೆ ಬಾಗಿಲು ತೆರೆದಂತಾಯಿತು. ಕೆಳಗಣ ತಗಡಿನದಾದರೆ ಉಬ್ಬಿಗೆ ಆಧಾರವಿಲ್ಲದೆ ತಿರುಪು ಬಿಗಿಯುವಾಗಲೇ ಅದು ಕುಸಿಯುತ್ತದೆ. ನಡುವಣ ಉಬ್ಬುಗಳೆಲ್ಲ ನೆಟ್ಟಗಿರುವುದರಿಂದ ಕೊಳ್ಳುವವನ ಕಣ್ಣಿಗೆ ಈ ದೋಷ ಬೀಳುವುದೇ ಇಲ್ಲ.

ಇದನ್ನು ಪರೀಕ್ಷಿಸಲು ಒಂದು ದಾರವು ಸಾಕು. ತಗಡಿನ ಕತ್ತರಿಸಿದ ತುದಿಯಲ್ಲಿ ಒಂದು ಅಂಚಿನಿಂದ ಹಿಡಿದು ಪ್ರತಿಯೊಂದು ಉಬ್ಬನ್ನೂ ಹತ್ತಿಸಿ ಇಳಿಸಿ, ಎಲ್ಲಿಯೂ ಸಡಿಲ ಬಿಡದಂತೆ ದಾರವನ್ನು ಇನ್ನೊಂದು ಅಂಚಿನವರೆಗೆ ಒತ್ತಿ ಹಿಡಿದು, ಬಳಿಕ ಅದನ್ನು ನೀಳವಾಗಿ ಎಳೆದು ಅಳೆಯತಕ್ಕುದು. ಬಂದದ್ದೇ ಸುರುಳಿಯ ಅಗಲ. ಆಮೇಲೆ ಎರಡು ತಗಡುಗಳನ್ನು ಪಕ್ಕದಲ್ಲಿ ಹೊದಿಸಿ, ಅಂಚಿನ ಕಾಲುಗಳೆರಡೂ ಬುಡದವರೆಗೆ ಇಳಿದಿವೆಯೇ ಎಂದು ತುದಿಯಿಂದ ಬಗ್ಗಿ ನೋಡಬೇಕು. ತೂಕವೂ ಒಂದು ಸಾಕ್ಷಿಯೇ: ಅರ್ಧ ಮಿಲಿಮೀಟರು ದಪ್ಪದ, 1220ರ ಸುರುಳಿಯಿಂದಾದ, 5 ಮೀಟರು ಉದ್ದದ ತಗಡು ಸುಮಾರು 24 ಕಿಲೋಗ್ರಾಂ ತೂಗಬೇಕು. 20 ತೂಗಿದರೆ ದಪ್ಪದಲ್ಲಾಗಲಿ ಅಗಲದಲ್ಲಾಗಲಿ ಕಡಮೆಯಿದೆ, ಹೆಚ್ಚಾಗಿ ದಪ್ಪದಲ್ಲಿಯೇ.

ಇನ್ನು ಎಣಿಕೆಯ ಮಾತು. 18 ಮೀಟರು ಉದ್ದದ, ಎರಡು ಕಡೆಗೂ ಇಳಿಜಾರುಳ್ಳ ಉಗ್ರಾಣಕ್ಕೆ ಒಟ್ಟು ಅಗಲವಾದ 1070ನ್ನು ಹಿಡಿದು ಭಾಗಿಸಿದರೆ ಒಂದು ಕಡೆಗೆ 17 ತಗಡುಗಳು ಸಾಕೆಂದು ಕಾಣುತ್ತದೆ. ಹೊದಿಸುತ್ತ ಹೋದಾಗ 17 ತಗಡುಗಳು 17 ಮೀಟರು 7 ಸೆಂಟಿಮೀಟರಿಗೆ ಮುಗಿದು, ಕೊನೆಯಲ್ಲಿ 93 ಸೆಂಟಿಮೀಟರು ಬಯಲಾಗಿರುತ್ತದೆ. ಅಷ್ಟರಲ್ಲಿ ಮಳೆ ಬಂದಿರುತ್ತದೆ, ಗಾಡಿ ಹಿಂದಿರುಗಿರುತ್ತದೆ. ಯಾವುದೋ ಹಳೆಯ ತಗಡಿನ ತುಂಡು ಆ ಸ್ಥಳಕ್ಕೆ ಏರುತ್ತದೆ. ಹೊದಿಕೆಯ ಅಗಲವಾದ 1000ದಿಂದ ಭಾಗಿಸಿದ್ದರೆ 18 ಎಂದೂ ಎರಡು ಕಡೆಗೆ 36 ಎಂದೂ ಮೊದಲೇ ತಿಳಿಯುತ್ತಿತ್ತು.

ಗ್ರಾಮಮುಖಂಡರಿಗೆ ಇಲ್ಲೊಂದು ಕೆಲಸವುಂಟು. 1250ರ ಸುರುಳಿ ಬೇಕೆಂದು ಒಬ್ಬನೇ ಕೇಳಿದರೆ ಸಣ್ಣ ಕಾರ್ಖಾನೆಯವನು ಒಪ್ಪಲಾರನು. ಅವನ ಕಷ್ಟವೂ ನಿಜವೇ; ಮೇಲಿನ ಉಗ್ರಾಣಕ್ಕೆ 5 ಮೀಟರಿನ 36 ತಗಡುಗಳೆಂದರೆ 180 ಮೀಟರು ಮಾತ್ರ, ಉಳಿದ ಸುರುಳಿಯನ್ನು ಅವನು ಏನು ಮಾಡಬೇಕು? ಅರ್ಧ ಮಿಲಿಮೀಟರು ದಪ್ಪದ 5 ಟನ್ನಿನ ಅಂಥ ಸುರುಳಿಯಲ್ಲಿ ಸುಮಾರು 1000 ಮೀಟರು ತಗಡು ಇರುತ್ತದೆ. ಐದಾರು ಮಂದಿ ಜಮೀನುದಾರರು ಒಂದೇ ಬಗೆಯ ಉಬ್ಬನ್ನು ಗೊತ್ತುಮಾಡಿಕೊಂಡು ಒಟ್ಟಾಗಿ ಕೊಂಡರೆ ಸುರುಳಿಯು ಬಹುಮಟ್ಟಿಗೆ ಖರ್ಚಾಗುತ್ತದೆ. ಹಾಗೆ ಕೂಡಿಕೊಳ್ಳಲು ಆಗದಿದ್ದಲ್ಲಿ 1220ಕ್ಕೆ ಹೊಂದುವ ತಗ್ಗಿನ ಉಬ್ಬನ್ನೇ ಆರಿಸಿ, ಅಡ್ಡಪಟ್ಟಿಗಳನ್ನು ತುಸು ಹತ್ತಿರ ಹಾಕಿಸುವುದು ಮೊಟಕು ಕಾಲಿನ ಎತ್ತರದ ಉಬ್ಬಿಗಿಂತ ಎಷ್ಟೋ ಮೇಲು.

ಬರೆದುಕೊಡುವ ಆರ್ಡರಿನಲ್ಲಿ "ತಗಡು ಇಷ್ಟು" ಎಂದಷ್ಟೇ ಇರಕೂಡದು. ಹೊದಿಕೆಯ ಅಗಲ, ಉಬ್ಬಿನ ಎತ್ತರ, ಸುರುಳಿಯ ಅಗಲ, ದಪ್ಪ, ಸತುವಿನ ಲೇಪ ಇವಿಷ್ಟೂ ಇರಬೇಕು. ಲೇಪವನ್ನು ಚದರ ಮೀಟರಿಗೆ ಎರಡು ಮುಖವೂ ಸೇರಿ ಇಷ್ಟು ಗ್ರಾಂ ಎಂದು ಲೆಕ್ಕಿಸುತ್ತಾರೆ. 120ರ ಲೇಪಕ್ಕೂ 275ರ ಲೇಪಕ್ಕೂ ನೋಟದಲ್ಲಿ ಭೇದವಿಲ್ಲದಿದ್ದರೂ ಮಳೆ ಹೆಚ್ಚಾದ ಸೀಮೆಗಳಲ್ಲಿ ಬಾಳಿಕೆಯ ಭೇದವು ಬಹಳ.

ತಗಡನ್ನು ಹೊದಿಸುವಾಗ ಗಾಳಿ ಬೀಸುವ ದಿಕ್ಕಿನ ವಿರುದ್ಧ ತುದಿಯಿಂದ ಪ್ರಾರಂಭಿಸಬೇಕು. ಮುಂಗಾರಿನ ಗಾಳಿಯು ಪಡುವಣ ನೈಋತ್ಯದಿಂದ ಬರುವುದರಿಂದ, ಪೂರ್ವಪಶ್ಚಿಮವಾಗಿ ನಿಂತ ಕಟ್ಟಡದಲ್ಲಿ ಮೊದಲ ತಗಡು ಪೂರ್ವದ ತುದಿಯಲ್ಲಿ ಬಿದ್ದು, ಒಂದೊಂದಾಗಿ ಪಶ್ಚಿಮಕ್ಕೆ ಸಾಗಬೇಕು. ಆಗ ಮೇಲಣ ತಗಡಿನ ಅಂಚು ಗಾಳಿಗೆ ಬೆನ್ನು ಮಾಡಿರುತ್ತದೆ.