ಸಂತ ಇಸಿದೋರರ ಹಬ್ಬ: ಕಡಿಮೆ ನೀರಿನಲ್ಲಿ ದೇವಾಲಯದ ಕೈತೋಟ



ಮೇ 15 ರೈತರ ಪಾಲಕರಾದ ಸಂತ ಇಸಿದೋರರ ಹಬ್ಬ. ಇವರು ಮಠವನ್ನು ಕಟ್ಟಿದವರಲ್ಲ, ಗ್ರಂಥಗಳನ್ನು ಬರೆದವರೂ ಅಲ್ಲ. ಸ್ಪೇನ್ ದೇಶದ ಮ್ಯಾಡ್ರಿಡ್‌ನಲ್ಲಿ ಹುವಾನ್ ದೆ ವರ್ಗಾಸ್ ಎಂಬ ಜಮೀನುದಾರನ ಹೊಲದಲ್ಲಿ ದುಡಿದ ಕೂಲಿಯಾಳು. 1622ರಲ್ಲಿ ಪೋಪ್ 15ನೇ ಗ್ರೆಗೊರಿಯವರು ಸಂತ ಇಗ್ನಾಸಿ, ಸಂತ ಫ್ರಾನ್ಸಿಸ್ ಕ್ಸೇವಿಯರ್, ಆವಿಲಾದ ಸಂತ ತೆರೇಸಾ ಹಾಗೂ ಸಂತ ಫಿಲಿಪ್ ನೇರಿಯವರೊಂದಿಗೆ ಅದೇ ದಿನ ಈ ಕೂಲಿಯಾಳಿಗೂ ಸಂತ ಪದವಿಯನ್ನು ನೀಡಿದರು. ಬರಗಾಲದಲ್ಲಿ ಒಡೆಯನಿಗೆ ಬಾಯಾರಿದಾಗ ಇಸಿದೋರರು ನೆಲಕ್ಕೆ ಕೋಲು ತಾಗಿಸಲು ನೀರಿನ ಒರತೆ ಚಿಮ್ಮಿತೆಂದು ಅಲ್ಲಿನ ಜನ ಇಂದಿಗೂ ಹೇಳುತ್ತಾರೆ. ಮಣ್ಣು, ನೀರು ಮತ್ತು ಹಸಿದವರು ಇವರ ಕಥೆಗಳಲ್ಲಿ ಸದಾ ಜೊತೆಯಾಗಿಯೇ ಬರುತ್ತವೆ.

ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ದೇವಾಲಯದ ಹಿಂಬದಿಯಲ್ಲೋ ಶಾಲೆಯ ಪಕ್ಕದಲ್ಲೋ ಒಂದಿಷ್ಟು ಜಾಗ ಪಾಳು ಬಿದ್ದಿರುತ್ತದೆ. ಅಲ್ಲಿ ಎಲ್ಲರೂ ಸೇರಿ ತರಕಾರಿ ಬೆಳೆಯಬಾರದೇಕೆ ಎಂದು ಯುವಜನರು ಕೇಳುತ್ತಾರೆ. ಪ್ರಶ್ನೆ ಒಳ್ಳೆಯದೇ. ಆದರೆ ಹಿರಿಯರು ಕೇಳುವ ಇನ್ನೊಂದು ಪ್ರಶ್ನೆಯೂ ಇದೆ: ಪಕ್ಕದ ಬೀದಿಯಲ್ಲಿ ತಾಯಂದಿರು ಕೊಡ ಹಿಡಿದು ಟ್ಯಾಂಕರ್‌ಗಾಗಿ ಕಾಯುತ್ತಿರುವಾಗ ನಾವು ಬದನೆ ಗಿಡಕ್ಕೆ ನೀರು ಹಾಯಿಸುವುದು ಸರಿಯೇ?

ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2024ರ ತಪಸ್ಸುಕಾಲವನ್ನು ಬೆಂಗಳೂರಿನವರು ಮರೆತಿರಲಾರರು. ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬತ್ತಿಹೋಗಿದ್ದವು. ಆ ಮಾರ್ಚ್ ತಿಂಗಳಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯುವುದಕ್ಕೆ ಬಳಸಬಾರದೆಂದು ಆಜ್ಞೆ ಮಾಡಿ, ಮೀರಿದವರಿಗೆ 5,000 ರೂಪಾಯಿ ದಂಡ ವಿಧಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾಯಿತು, ನಿಜ. ಆದರೂ ಆ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪುಗಳ ಬಲದಿಂದ ಮೇಲೇರಿ ಬರುವಂಥದ್ದು. ಶುದ್ಧವಾದ ಕುಡಿಯುವ ನೀರು ಪ್ರತಿಯೊಬ್ಬರ ಮೂಲಭೂತ ಹಕ್ಕೆಂದು ಪೋಪ್ ಫ್ರಾನ್ಸಿಸರು 2015ರ 'ಲೌದಾತೋ ಸೀ' ವಿಶ್ವಪರಿಪತ್ರದಲ್ಲಿ ಬೋಧಿಸಿದರು. ಆದ್ದರಿಂದ ನಮ್ಮ ತೋಟದ ಮೊದಲ ನಿಯಮ ಇದಾಗಿರಲಿ: ಮನುಷ್ಯರು ಕುಡಿಯಬಹುದಾದ ನೀರು ಗಿಡಕ್ಕೆ ಬೇಡ.

ಹಾಗಾದರೆ ಗಿಡಕ್ಕೆ ನೀರೆಲ್ಲಿಂದ? ಮೊದಲನೆಯದು ದೇವಾಲಯದ ಸೂರು. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 400 ಚದರ ಮೀಟರಿನ ಸೂರಿನ ಮೇಲೆ 20 ಮಿಲಿಮೀಟರಿನ ಒಂದು ಮಳೆ ಸುರಿದರೆ 8,000 ಲೀಟರ್ ಆಯಿತು. ಸೋರಿ, ಆರಿ, ಮೊದಲ ಕೊಳೆನೀರನ್ನು ಹೊರಬಿಟ್ಟು ಐದನೇ ಒಂದು ಪಾಲು ಹೋದರೂ 6,400 ಲೀಟರ್ ಉಳಿಯುತ್ತದೆ. 10 ಮೀಟರ್ ಉದ್ದ, 4 ಮೀಟರ್ ಅಗಲದ ತೋಟಕ್ಕೆ ಬಿರುಬಿಸಿಲಿನಲ್ಲಿ ಚದರ ಮೀಟರಿಗೆ ದಿನಕ್ಕೆ 5 ಲೀಟರಿನಂತೆ 200 ಲೀಟರ್ ಬೇಕೆಂದುಕೊಳ್ಳೋಣ. ಒಂದೇ ಮಳೆಯ ನೀರು 32 ದಿನಕ್ಕೆ ಸಾಕು! ಆದರೆ ಹಿಡಿದಿಡಲು ತೊಟ್ಟಿ ಬೇಕು. 5,000 ಲೀಟರಿನ ತೊಟ್ಟಿಯಿದ್ದರೆ 25 ದಿನ ಮಳೆ ಕೈಕೊಟ್ಟರೂ ಗಿಡ ಬದುಕುತ್ತದೆ. ಹೀಗಾಗಿ ಬೀಜ ಕೊಳ್ಳುವ ಮೊದಲು ತೊಟ್ಟಿಯ ಬಗ್ಗೆ ಯೋಚಿಸಬೇಕು.

ಎರಡನೆಯದು ಅಡುಗೆಮನೆಯ ನೀರು. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನು ಹಾಗೆಯೇ ಗಿಡಕ್ಕೆ ಹಾಕಬಹುದು. ಸೋಪಿನ ನೀರಿಗೆ ಎಚ್ಚರಿಕೆ ಅಗತ್ಯ. ಅದರಲ್ಲಿರುವ ಉಪ್ಪಿನಂಶ ಮಣ್ಣನ್ನು ಗಟ್ಟಿಮಾಡುತ್ತದೆ. ಅದನ್ನು ಜಲ್ಲಿ, ಮರಳು ತುಂಬಿ ಕಾಬಾಳೆ ನೆಟ್ಟ ಗುಂಡಿಯ ಮೂಲಕ ಹಾಯಿಸಿ, ಬಾಳೆಯಂಥ ಗಿಡಗಳ ಬುಡಕ್ಕೆ ಬಿಡುವುದು ಒಳ್ಳೆಯದು. ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡವೇ ಬೇಡ. ನೀರು ಶುದ್ಧೀಕರಿಸುವ ಯಂತ್ರ ಹೊರಬಿಡುವ ನೀರಿನಲ್ಲೂ ಲವಣ ಹೆಚ್ಚು. ಅದನ್ನೇ ದಿನವೂ ಗಿಡಕ್ಕೆ ಹಾಕಬಾರದು.

ಇನ್ನು ಬಂದ ನೀರನ್ನು ಮಣ್ಣಿನಲ್ಲೇ ಉಳಿಸುವ ಬಗೆ. ಬಿಸಿಲಿಗೆ ಬತ್ತಲಾದ ಮಣ್ಣು ನೀರನ್ನು ಗಾಳಿಗೆ ಒಪ್ಪಿಸಿಬಿಡುತ್ತದೆ. ಒಣ ಎಲೆ, ಹುಲ್ಲು, ತೆಂಗಿನ ನಾರು ಯಾವುದಾದರೂ ಸರಿ, ಗಿಡದ ಬುಡದಲ್ಲಿ ಮೂರು ನಾಲ್ಕು ಬೆರಳು ದಪ್ಪಕ್ಕೆ ಹೊದಿಸಬೇಕು. ಕಾಂಡಕ್ಕೆ ಮಾತ್ರ ತಾಗಬಾರದು. ಹಬ್ಬದ ಅಲಂಕಾರದ ಹೂವು, ಎಲೆಗಳನ್ನು ಕಸದ ಗಾಡಿಗೆ ಕೊಡುವ ಬದಲು ಗೊಬ್ಬರದ ಗುಂಡಿಗೆ ಹಾಕಿದರೆ ಅವೇ ಕಪ್ಪು ಗೊಬ್ಬರವಾಗಿ ಮಣ್ಣು ನೀರು ಹಿಡಿಯುವ ಶಕ್ತಿಯನ್ನು ಹೆಚ್ಚಿಸುತ್ತವೆ. ಮಳೆಗಾಲದಲ್ಲಿ ಬೇರು ಕೊಳೆಯದಂತೆ ಏರುಮಡಿ, ಬೇಸಿಗೆಯಲ್ಲಿ ನೀರು ನಿಲ್ಲುವಂತೆ ತಗ್ಗಿನ ಪಾತಿ ಮಾಡಬೇಕು. ದಿನವೂ ಮೇಲೆ ಮೇಲೆ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ಮುಂಜಾನೆ ಚೆನ್ನಾಗಿ ನೆನೆಯುವಂತೆ ಹಾಕಬೇಕು.

ಮಡಕೆಯ ನೀರಾವರಿಯಂತೂ ಎರಡು ಸಾವಿರ ವರ್ಷಗಳ ಹಿಂದೆಯೇ ಚೀನಾದ ಕೃಷಿ ಗ್ರಂಥವೊಂದರಲ್ಲಿ ದಾಖಲಾದ ಉಪಾಯ. ಬಣ್ಣ ಬಳಿಯದ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಸೊಳ್ಳೆ ಸೇರದಂತೆ ಮುಚ್ಚಳ ಹಾಕಬೇಕು. ಸುತ್ತಲಿನ ಮಣ್ಣು ಒಣಗಿದಂತೆಲ್ಲ ಮಡಕೆಯ ಸೂಕ್ಷ್ಮ ರಂಧ್ರಗಳಿಂದ ನೀರು ಜಿನುಗುತ್ತದೆ. ಮಣ್ಣು ತೇವವಾಗಿದ್ದರೆ ಜಿನುಗುವುದು ಕಡಿಮೆಯಾಗುತ್ತದೆ. ಸುತ್ತಲೂ ಸೋರೆ, ಸೌತೆ, ಟೊಮೆಟೊ ನೆಡಬಹುದು. ಒತ್ತಾಗಿ ಬಿತ್ತುವ ಸೊಪ್ಪಿಗೆ ಈ ಉಪಾಯ ಹೊಂದುವುದಿಲ್ಲ.

ಬೆಳೆಯ ಆಯ್ಕೆಯಲ್ಲೂ ವಿವೇಕ ಬೇಕು. ಗೋರಿಕಾಯಿ, ಅಲಸಂದೆ, ಬೆಂಡೆ, ನುಗ್ಗೆ ಕಡಿಮೆ ನೀರನ್ನು ಸಹಿಸುತ್ತವೆ. ಹೂಕೋಸಿನ ಆಸೆಯನ್ನು ಮೊದಲ ವರ್ಷ ಬಿಟ್ಟುಬಿಡೋಣ. ದಂಟು, ಹರಿವೆ ಸುಮಾರು ಒಂದು ತಿಂಗಳಲ್ಲೇ ಕೈಗೆ ಬರುವುದರಿಂದ ಮಕ್ಕಳಿಗೂ ಉತ್ಸಾಹ ಉಳಿಯುತ್ತದೆ.

ಪ್ರಿಯರೇ, ಇಂಥ ತೋಟಗಳು ಬಾಡುವುದು ನೀರಿಲ್ಲದೆ ಮಾತ್ರವಲ್ಲ, ಹೊಣೆಯಿಲ್ಲದೆಯೂ ಹೌದು. ಮೊದಲ ಭಾನುವಾರ ಗುದ್ದಲಿ ಹಿಡಿಯಲು ಮೂವತ್ತು ಜನ ಬರುತ್ತಾರೆ, ಮೂರನೇ ತಿಂಗಳಲ್ಲಿ ಕಳೆ ಕೀಳಲು ಮೂವರು ಉಳಿಯುತ್ತಾರೆ. 'ಎಲ್ಲರ ಕೆಲಸ' ಎಂದರೆ ಯಾರ ಕೆಲಸವೂ ಅಲ್ಲ. ಆದ್ದರಿಂದ ಒಂದೊಂದು ವಾರವನ್ನು ಒಂದೊಂದು ಕಿರು ಸಮುದಾಯಕ್ಕೆ ವಹಿಸಿ, ಸರದಿಯನ್ನು ದೇವಾಲಯದ ಫಲಕದಲ್ಲಿ ಬರೆಯೋಣ. ಬೀಗದ ಕೈ ಯಾರ ಬಳಿ, ತೊಟ್ಟಿಯಲ್ಲಿ ನೀರೆಷ್ಟು ಎಂಬುದೂ ಅಲ್ಲಿರಲಿ. ನಾಲ್ಕೇ ಮಡಿಗಳಿಂದ ಆರಂಭಿಸೋಣ. ಗುದ್ದಲಿ ಹಿಡಿಯಲಾಗದ ಅಜ್ಜಿಯರು ಬೀಜ ಆರಿಸಲಿ; ಯಾವ ಬೀಜವನ್ನು ಯಾವ ಮಳೆಗೆ ಹಾಕಬೇಕೆಂಬ ತಿಳಿವಳಿಕೆ ಅವರಲ್ಲಿದೆ.

ಜಗಳ ಹುಟ್ಟುವುದು ಸಾಮಾನ್ಯವಾಗಿ ಕೊಯ್ಲಿನ ದಿನ. ಹಂಚಿಕೆಯನ್ನು ಬಿತ್ತುವ ಮೊದಲೇ ಎಲ್ಲರೂ ಕೂತು ತೀರ್ಮಾನಿಸಬೇಕು. ಹೊಲದ ಅಂಚಿನ ಬೆಳೆಯನ್ನು ಪೂರ್ತಿ ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ಯಾಜಕಕಾಂಡದ 19ನೇ ಅಧ್ಯಾಯ ವಿಧಿಸುತ್ತದೆ. ಅಲ್ಲಿ ಬಿಡುವುದು ಉಳಿದದ್ದನ್ನಲ್ಲ, ಮೊದಲೇ ತೆಗೆದಿಟ್ಟದ್ದನ್ನು. ನಮ್ಮ ನಾಲ್ಕು ಮಡಿಗಳಲ್ಲಿ ಒಂದನ್ನು ಹೀಗೆಯೇ ತೆಗೆದಿಡೋಣ. ಹಾಸಿಗೆ ಹಿಡಿದವರಿರುವ ಮನೆಗೆ, ಒಂಟಿಯಾಗಿರುವ ವೃದ್ಧರಿಗೆ, ಆ ಕೊಡ ಹಿಡಿದು ನಿಂತ ತಾಯಂದಿರಿಗೆ ಅದರ ಫಲ ಸೇರಲಿ. ಅವರು ಯಾವ ಮತದವರಾದರೂ ಸರಿ. ಬೇಸಿಗೆಯಲ್ಲಿ ತೊಟ್ಟಿ ಬರಿದಾಗುವಂತಿದ್ದರೆ ಗಿಡಗಳನ್ನು ಕಿತ್ತು ಗೊಬ್ಬರಕ್ಕೆ ಹಾಕಿ, ಮಣ್ಣಿಗೆ ಹೊದಿಕೆ ಹೊದಿಸಿ ಮಳೆಗೆ ಕಾಯುವ ಧೈರ್ಯವೂ ನಮಗಿರಲಿ. ಅದು ಸೋಲಲ್ಲ, ನೆರೆಯವರ ಮೇಲಿನ ಪ್ರೀತಿ.

ಸಂತ ಇಸಿದೋರರ ಹಬ್ಬದ ಹೊತ್ತಿಗೆ ಸೂರಿನ ದೋಣಿಗಳನ್ನು ಶುಚಿಗೊಳಿಸಿ ತೊಟ್ಟಿಯನ್ನು ಸಿದ್ಧಪಡಿಸಿದರೆ, ಜೂನ್ ಮಳೆಗೆ ಬಿತ್ತಬಹುದು. ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನೋತ್ಸವ. ಕರಾವಳಿಯ ನಮ್ಮ ಬಂಧುಗಳು ಅಂದು ಹೊಸ ತೆನೆಯನ್ನು ಆಶೀರ್ವದಿಸಿಕೊಂಡು, ಮನೆಮಂದಿಯೆಲ್ಲ ಕೂಡಿ ತರಕಾರಿ ಊಟ ಮಾಡುತ್ತಾರೆ. ಅಂದಿನ ಬಲಿಪೂಜೆಯ ಕಾಣಿಕೆಯಲ್ಲಿ ನಮ್ಮ ಮಡಿಯ ಒಂದು ಹಿಡಿ ಬೆಂಡೆಯೂ ಇರಲಿ. ಆದಿಕಾಂಡದಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಅದನ್ನು ಕೃಷಿ ಮಾಡಲು ಮಾತ್ರವಲ್ಲ, ಕಾಯಲು ಸಹ. ಆ ಕಾಯುವ ಕೆಲಸದಲ್ಲಿ ಸಂತ ಇಸಿದೋರರು ನಮಗಾಗಿ ಪ್ರಾರ್ಥಿಸಲಿ.